ನೋಡದ ಜಾಗದ ಪಂಚನಾಮೆ

ಲಚ್ಯಾಣ, ತಾ. ಇಂಡಿ
7 ಜನವರಿ 2024

ಗುರುಲಿಂಗಪ್ಪನವರೇ,

ಈ ಪತ್ರವನ್ನು ನಾನು ಅಂಚೆಗೆ ಹಾಕುವುದಿಲ್ಲ. ಹಾಕಿದರೆ ನೀವು ಬಾಗಿಲು ಮುಚ್ಚಿಕೊಳ್ಳುತ್ತೀರಿ. ಒಮ್ಮೆ ಖರೇ ಮಾತು ಬರೆದುಬಿಟ್ಟರೆ ನಾಳೆ ಸುಳ್ಳು ಬರೆಯುವುದು ಸಲೀಸಾದೀತು ಎಂದು ಕೂತಿದ್ದೇನೆ.

ನನ್ನ ಅಣ್ಣ ಮಾಳಿಂಗ ಎಂಟು ವರ್ಷದಿಂದ ಜೈಲಿನಲ್ಲಿದ್ದಾನೆ. ಆಲಮೇಲದ ಕಡೆ ನಮ್ಮೂರಲ್ಲಿ ಶಂಕ್ರೆಪ್ಪ ಎಂಬವರ ಕೊಲೆಯಾಯಿತು. ಅದಕ್ಕೂ ತಿಂಗಳ ಮೊದಲು ಅವರ ಹೊಲಕ್ಕೆ ನಮ್ಮ ಕುರಿ ನುಗ್ಗಿ ಜಗಳವಾಗಿತ್ತು. ಪೊಲೀಸರಿಗೆ ಅಷ್ಟೇ ಸಾಕಾಯಿತು. ಬಾಗಿಲ ಮೂಲೆಯಲ್ಲಿದ್ದ ಕೊಡಲಿಯನ್ನು ಅವ್ವನ ಕಣ್ಣೆದುರೇ ಒಯ್ದರು. ಪಂಚನಾಮೆಯ ಕಾಗದದಲ್ಲಿ ಮಾತ್ರ, ಅಣ್ಣನೇ ಹೊಲಕ್ಕೆ ಕರೆದೊಯ್ದು ಬೇವಿನ ಗಿಡದ ಬುಡದಿಂದ ಅಗೆದು ತೆಗೆದುಕೊಟ್ಟ ಎಂದಿದೆ. ಆ ಕಾಗದ ಬರೆದವರು ನೀವು, ಠಾಣೆಯ ರೈಟರ್. ಕೆಳಗೆ ಸಹಿ ಸಾಹೇಬರದು. ನಿಮ್ಮ ಹೆಸರು ಎಲ್ಲೂ ಇಲ್ಲ. ಇಂಡಿಯ ನಮ್ಮ ವಕೀಲೆ ಪ್ರಿಯದರ್ಶಿನಿ ಮೇಡಂ ಅವರ ಗುಮಾಸ್ತ ಅಕ್ಷರ ನೋಡಿಯೇ ಹೇಳಿದ, "ಇದು ಬಾಗೇವಾಡಿ ಗುರುಲಿಂಗಪ್ಪನ ಕೈ. ಅಂಥಾ ದುಂಡಗಿನ ಅಕ್ಷರ ಜಿಲ್ಲಾದಾಗ ಇನ್ನೊಂದಿಲ್ಲ" ಎಂದು.

ಮೇಲಿನ ಕೋರ್ಟಿನಲ್ಲಿ ಅಪೀಲು ಇದೆ. ಪಂಚನಾಮೆ ಠಾಣೆಯಲ್ಲೇ ಕೂತು ಬರೆದದ್ದು ಎಂದು ಬರೆದವರೇ ಹೇಳಿದರೆ ಮಾತ್ರ ದಾರಿ ಎನ್ನುತ್ತಾರೆ ಮೇಡಂ. ನಾನಿಲ್ಲಿ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ಹೋದ ವಾರದ ಪತ್ರಿಕೆಯಲ್ಲಿ ನಿಮ್ಮ ಹೆಸರು ಕಂಡೆ. ಪತ್ತೇದಾರಿ ಧಾರಾವಾಹಿಯಲ್ಲಿ ಎಫ್‌ಐಆರ್ ತಪ್ಪಾಗಿ ಬರೆದಿದ್ದಾರೆಂದು ಸಂಪಾದಕರನ್ನು ತರಾಟೆಗೆ ತೆಗೆದುಕೊಂಡಿದ್ದಿರಿ.

ಅಣ್ಣನ ಮಾತು ಎತ್ತಿದರೆ ನೀವು ತುಟಿ ಬಿಚ್ಚುವುದಿಲ್ಲ. ಕಾದಂಬರಿ ಎಂದರೆ ಬಿಚ್ಚಬಹುದು.

ರೇಣುಕಾ


ಲಚ್ಯಾಣ
9 ಜನವರಿ 2024

ಪೂಜ್ಯ ಗುರುಲಿಂಗಪ್ಪನವರಿಗೆ ಶರಣು ಶರಣಾರ್ಥಿಗಳು.

ವಾರಪತ್ರಿಕೆಯಲ್ಲಿ ತಮ್ಮ ಪತ್ರ ಓದಿ ಬಹಳ ಖುಷಿಯಾಯಿತು. ನಾನು ಇಲ್ಲಿಯ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ಒಂದು ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದೇನೆ. ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದವಳಲ್ಲ, ಸಿನಿಮಾ ನೋಡಿ ಬರೆದಂತಾಗಿದೆ. ಮೊದಲ ಅಧ್ಯಾಯ ಕಳಿಸಿದ್ದೇನೆ. ತಪ್ಪು ತಿದ್ದಿ ತಮ್ಮ ಕೈಯಿಂದಲೇ ಎರಡು ಸಾಲು ಬರೆದರೆ ಉಪಕಾರವಾಗುತ್ತದೆ.

ತಮ್ಮ ವಿಧೇಯ,
ರೇಣುಕಾ


ಬಸವನ ಬಾಗೇವಾಡಿ
23 ಜನವರಿ 2024

ಚಿ. ರೇಣುಕಾಗೆ ಗುರುಲಿಂಗಪ್ಪನ ಆಶೀರ್ವಾದಗಳು.

ಎರಡು ಸಾಲು ಕೇಳಿದ್ದೀ, ನಾನು ಆರು ಹಾಳೆ ಬರೆಯುವವನು. ಇಪ್ಪತ್ತೆರಡು ವರ್ಷ ರೈಟರ್ ಆಗಿದ್ದವನಿಗೆ ಕಡಿಮೆ ಬರೆಯಲು ಬರುವುದಿಲ್ಲ. ಎರಡೂ ಕಿವಿ ಹೋಗಿವೆ, ಫೋನಿನಲ್ಲಿ ನನ್ನ ಜೊತೆ ಮಾತಾಡುವುದೂ ಒಂದೇ, ಕಂಬದ ಜೊತೆ ಮಾತಾಡುವುದೂ ಒಂದೇ. ನಿನ್ನ ಪತ್ರ ಬಂದದ್ದು ಹಬ್ಬವಾಯಿತು.

ಮೊದಲು ನಿನ್ನ ಇನ್‌ಸ್ಪೆಕ್ಟರ್ ವಿಕ್ರಾಂತ. ತಾಯಿ, ವಿಕ್ರಾಂತ ಅನ್ನುವ ಹೆಸರಿನ ಪಿಎಸ್‌ಐ ಈ ಜಿಲ್ಲೆಯಲ್ಲಿ ನಾನು ನೋಡಿಲ್ಲ. ಅವನು ಸುದ್ದಿ ಕೇಳಿದ ಕೂಡಲೇ ಪಿಸ್ತೂಲು ಹಿಡಿದು ಓಡುತ್ತಾನೆ. ಓಡಲಿ, ಆದರೆ ಪಿಸ್ತೂಲು ತೆಗೆಯಲು ರಿಜಿಸ್ಟರಿನಲ್ಲಿ ಬರೆಯಬೇಕು, ಆ ರಿಜಿಸ್ಟರ್ ನನ್ನ ಹತ್ತಿರ, ನಾನು ಊಟಕ್ಕೆ ಹೋಗಿರುತ್ತೇನೆ! ಹೆಣ ಬಿದ್ದ ಸುದ್ದಿ ಬಂದರೆ ಠಾಣೆಯ ಮೊದಲ ಪ್ರಶ್ನೆ ಕೊಂದವನಾರು ಅನ್ನುವುದಲ್ಲ. "ಹೆಣ ಯಾರ ಹದ್ದಿನಾಗ ಬಿದ್ದೈತಿ?" ಸಿಂದಗಿಯವರದೋ ಇಂಡಿಯವರದೋ ಎಂದು ತೀರ್ಮಾನವಾಗುವ ತನಕ ಸತ್ತವನೂ ಬಿಸಿಲಲ್ಲಿ ಕಾಯಬೇಕು. ಇದನ್ನು ಬರೆ, ಓದುವವನು ನಗುತ್ತಾನೆ, ನಕ್ಕವನು ಮುಂದಿನದನ್ನೂ ನಂಬುತ್ತಾನೆ.

ಇನ್ನೊಂದು. ಕೊಲೆಗಾರನನ್ನು ಕೊನೆಯ ಪುಟದ ತನಕ ಬಚ್ಚಿಡಬೇಡ. ಬಚ್ಚಿಟ್ಟರೆ ಓದುವವನು ಒಂದೇ ಸಲ ಬೆಚ್ಚುತ್ತಾನೆ. ಮೊದಲೇ ಹೇಳಿಬಿಡು. ಪಕ್ಕದಲ್ಲಿ ಕೂತು ಚಹಾ ಕುಡಿಯುವವನಿಗೆ ಮಾತ್ರ ಹೇಳಬೇಡ. ಆಗ ನೋಡು, ಪುಟ ಪುಟಕ್ಕೂ ಓದುವವನ ಎದೆ ಹೊಡೆದುಕೊಳ್ಳುತ್ತದೆ.

ಮುಂದಿನ ಅಧ್ಯಾಯ ಬೇಗ ಕಳಿಸು. ನನ್ನ ಹೆಂಡತಿ ಗುರವ್ವಗೂ ಓದಿ ಹೇಳಿದೆ. "ಹುಡುಗಿ ಭಾಳ ಶಾಣ್ಯಾ ಐತಿ" ಎಂದು ಸ್ಲೇಟಿನ ಮೇಲೆ ಬರೆದು ತೋರಿಸಿದಳು. ಇನ್ನು ಮೇಲೆ ಪೂಜ್ಯ ಗೀಜ್ಯ ಬೇಡ, ಕಾಕಾ ಅನ್ನು.

ಗುರುಲಿಂಗಪ್ಪ


ಲಚ್ಯಾಣ
1 ಫೆಬ್ರವರಿ 2024

ಕಾಕಾ, ನಮಸ್ಕಾರ.

ವಿಕ್ರಾಂತನ ಹೆಸರು ಸಿದ್ದಲಿಂಗ ಎಂದು ಬದಲಿಸಿದ್ದೇನೆ. ಪಿಸ್ತೂಲು ಕಸಿದುಕೊಂಡಿದ್ದೇನೆ. ನಿಮ್ಮ ಪತ್ರ ಓದುತ್ತಾ ಗ್ರಂಥಾಲಯದಲ್ಲಿ ಒಬ್ಬಳೇ ನಕ್ಕೆ. ಹಾಗೆ ನಗಬಾರದಿತ್ತು ಎಂದು ಆಮೇಲೆ ಅನ್ನಿಸಿತು. ಯಾಕೆಂದು ಕೇಳಬೇಡಿ.

ಈಗ ಮೂರನೆಯ ಅಧ್ಯಾಯದಲ್ಲಿ ಸಿಕ್ಕಿಕೊಂಡಿದ್ದೇನೆ. ಆರೋಪಿಯೇ ಆಯುಧ ತೋರಿಸಿಕೊಟ್ಟ ಎಂದು ಪಂಚನಾಮೆ ಆಗಬೇಕು. ಆದರೆ ನನ್ನ ಕಥೆಯಲ್ಲಿ ಯಾರೂ ಆ ಜಾಗಕ್ಕೆ ಹೋಗೇ ಇಲ್ಲ. ಠಾಣೆಯಲ್ಲೇ ಕೂತು ಬರೆಯುತ್ತಾರೆ. ಹಾಗೆ ಬರೆದದ್ದನ್ನು ಕೋರ್ಟು ನಂಬುತ್ತದೆಯೇ? ಹೇಗೆ ಬರೆದರೆ ನಂಬುತ್ತದೆ? ಇದೊಂದು ಗೊತ್ತಾದರೆ ಕಾದಂಬರಿ ಮುಗಿದಂತೆಯೇ.

ರೇಣುಕಾ


ಬಸವನ ಬಾಗೇವಾಡಿ
16 ಫೆಬ್ರವರಿ 2024

ಚಿ. ರೇಣುಕಾ,

ನೀನು ಬಲು ಪಾಕಡಾ, ಚಾಲಾಕಿ ಇದ್ದೀ. ಅಡುಗೆಯವನ ಹತ್ತಿರ ಹೋಗಿ ಒಗ್ಗರಣೆಯ ಗುಟ್ಟನ್ನೇ ಕೇಳುತ್ತೀಯಲ್ಲ. ಹೇಳುತ್ತೇನೆ ಬಿಡು, ನಿವೃತ್ತನಿಗೆ ಯಾರ ಭಯ.

ಹೊಸ ರೈಟರುಗಳು ಎಲ್ಲಾ ಬೇಕಾದದ್ದನ್ನೇ ಬರೆಯುತ್ತಾರೆ. ದಿಕ್ಕು, ಅಳತೆ, ರಕ್ತದ ಕಲೆ, ಪಂಚರ ಹೆಸರು. ವಕೀಲ ಅದನ್ನು ಹಂಜಿ ಹಿಂಜಿದಂತೆ ಹಿಂಜುತ್ತಾನೆ. ನಾನು ಯಾವಾಗಲೂ ಒಂದು ಬೇಡವಾದದ್ದನ್ನು ಸೇರಿಸುತ್ತಿದ್ದೆ. ಕೇಸಿಗೆ ಕವಡೆ ಕಿಮ್ಮತ್ತಿಲ್ಲದ್ದು. ಒಂದು ಮುರಿದ ಕೊಡ, ಒಣಗಲು ಹಾಕಿದ ಹಚ್ಚಡ. ಬೇಡವಾದದ್ದನ್ನು ಯಾರಾದರೂ ಯಾಕೆ ಹುಟ್ಟಿಸಿ ಬರೆಯುತ್ತಾರೆ, ಕಂಡದ್ದಕ್ಕೇ ಬರೆದಿದ್ದಾರೆ ಎಂದು ಓದುವವನೇ ವಾದ ಮಾಡಿಕೊಳ್ಳುತ್ತಾನೆ. ಸುಳ್ಳು ಸತ್ಯದ ತಲೆಯ ಮೇಲೆ ಹೊಡೆದಂತಿರಬೇಕು.

ಒಂದು ಉದಾಹರಣೆ ಕೊಡುತ್ತೇನೆ. ಒಬ್ಬ ಕುರಿ ಕಾಯುವ ಹುಡುಗನ ಕೇಸು. ಕೊಡಲಿ ಮೊದಲೇ ಠಾಣೆಗೆ ಬಂದುಬಿಟ್ಟಿತ್ತು. ಸಾಹೇಬರು "ಗುರುಲಿಂಗಪ್ಪಾ, ಹೊಲದಾಗ ಸಿಕ್ಕಂಗ ಬರಿ" ಅಂದರು. ಪಂಚರ ಸಹಿ ಖಾಲಿ ಹಾಳೆಯ ಮೇಲೆ ಮೊದಲೇ ಇತ್ತು. ನಾನು ಆ ಹೊಲ ನೋಡಿದವನಲ್ಲ, ಇವತ್ತಿಗೂ ನೋಡಿಲ್ಲ. ಹೊಲವೆಂದ ಮೇಲೆ ಬೇವಿನ ಗಿಡ ಇರುತ್ತದೆ, ಕುರಿ ಕಾಯುವವನ ಮನೆಯೆಂದ ಮೇಲೆ ಮರಿ ಇರುತ್ತದೆ. "ಆ ವೇಳೆ ಸದರಿ ಗಿಡಕ್ಕೆ ಕಟ್ಟಿದ್ದ ಒಂದು ಕರಿ ಕುರಿಮರಿ ಒದರುತ್ತಿತ್ತು" ಎಂದು ಬರೆದೆ. ಅಷ್ಟೇ. ತೀರ್ಪಿನಲ್ಲಿ ಆ ಮರಿಯನ್ನೇ ಎತ್ತಿ ಹೇಳಿದರು, ಇಂಥ ಸಹಜ ವಿವರ ಕಲ್ಪಿಸಿ ಬರೆಯಲು ಸಾಧ್ಯವಿಲ್ಲ ಎಂದು! ನನ್ನ ಬರಹಕ್ಕೆ ಸಿಕ್ಕ ಪ್ರಶಸ್ತಿ ಅದೊಂದೇ, ಹೊರಗೆ ಹೇಳಿಕೊಳ್ಳುವಂತಿರಲಿಲ್ಲ.

ನಿನ್ನ ಮೂರನೇ ಅಧ್ಯಾಯಕ್ಕೆ ಇಂಥದ್ದೊಂದು ಹಾಕು.

ಕಾಕಾ


ಬಸವನ ಬಾಗೇವಾಡಿ
8 ಮಾರ್ಚ್ 2024

ಚಿ. ರೇಣುಕಾ,

ಮೂರು ವಾರವಾಯಿತು, ನಿನ್ನ ಸುದ್ದಿಯಿಲ್ಲ. ಜ್ವರವೇ? ನಾನು ಬರೆದದ್ದು ಓದಿ ಮನಸ್ಸಿಗೆ ಹೇಸಿಗೆ ಬಂತೇ? ಗುರವ್ವ ಬಯ್ದಳು, "ಹೆಣ್ಣುಮಗಳಿಗೆ ಅಂಥಾವೆಲ್ಲ ಯಾಕ ಬರಿತೀರಿ" ಅಂತ. ಆ ಹುಡುಗನ ಬಗ್ಗೆ ಕೆಡುಕು ಅನ್ನಿಸಿದ್ದರೆ ಚಿಂತೆ ಬಿಡು. ಅವನೇ ಕೊಂದಿದ್ದ ಎಂದು ಸಾಹೇಬರು ಹೇಳಿದ್ದರು. ಒಳ್ಳೆ ನಡತೆಯಿದ್ದರೆ ಬೇಗ ಬಿಡುತ್ತಾರೆ, ಇಷ್ಟೊತ್ತಿಗೆ ಹೊರಗೆ ಬಂದು ಮದುವೆಯೂ ಆಗಿರಬಹುದು.

ಒಂದು ಸಂತೋಷದ ಸುದ್ದಿ. ನನ್ನ ಮಗ ಸಂಜೀವಕುಮಾರ ಪಿಎಸ್‌ಐ ಆಗಿ ಆಯ್ಕೆಯಾದ. ತರಬೇತಿಗೆ ಹೋಗಿದ್ದಾನೆ. ನಿನ್ನ ಸಿದ್ದಲಿಂಗನಿಗೆ ಇನ್ನು ಅವನನ್ನೇ ಕೇಳಬಹುದು.

ಕಾಕಾ


ಲಚ್ಯಾಣ
15 ಮಾರ್ಚ್ 2024

ಕಾಕಾ,

ಅವನು ಹೊರಗೆ ಬಂದಿಲ್ಲ. ಮದುವೆಯಾಗಿಲ್ಲ. ಅವನ ಹೆಸರು ಮಾಳಿಂಗ. ನಾನು ಅವನ ತಂಗಿ.

ಕಾದಂಬರಿ ಎಂದು ನಿಮಗೆ ಸುಳ್ಳು ಹೇಳಿದೆ. ಖರೇ ಹೇಳಿದ್ದರೆ ನೀವು ಉತ್ತರ ಬರೆಯುತ್ತಿರಲಿಲ್ಲ. ನಿಮ್ಮ ಕೈಬರಹದಲ್ಲಿ ಆ ಮಾತು ನನಗೆ ಬೇಕಿತ್ತು. ಸಿಕ್ಕಿತು. ಸಿಕ್ಕ ದಿನ ಕುಣಿಯಬೇಕಿತ್ತು, ಗ್ರಂಥಾಲಯದ ಬಾಗಿಲು ಹಾಕಿ ಅತ್ತೆ. ಇಷ್ಟು ಅಕ್ಕರೆಯಿಂದ ಬರೆಯುವ ಮನುಷ್ಯ ಹೀಗೆ ಮಾಡಿದ್ದಾನಲ್ಲ ಎಂದು ಅಳು ಬಂತು.

ನೀವು ಬರೆದ ಮರಿಯ ಮಾತು ಹೇಳುತ್ತೇನೆ. ಆ ವರ್ಷ ದೀಪಾವಳಿ ಮುಗಿಸಿ ಅಪ್ಪ ಹಿಂಡು ಹೊಡೆದುಕೊಂಡು ಮುದ್ದೇಬಿಹಾಳದ ಆಚೆ ಹೋಗಿದ್ದ. ರೈತರ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ತರುಬುತ್ತಾ ಯುಗಾದಿಗೆ ತಿರುಗಿ ಬರುವುದು ನಮ್ಮವರ ಪದ್ಧತಿ. ಹಾಗೆ ಹೋಗುವಾಗ ನಿನ್ನೆ ಹುಟ್ಟಿದ ಮರಿಯನ್ನೂ ಮನೆಯಲ್ಲಿ ಬಿಡುವುದಿಲ್ಲ. ಹೇರು ಕುದುರೆಯ ಮೇಲೆ ಜಾಳಿಗೆಯಲ್ಲಿ ಹಾಕಿಕೊಂಡು ಹೋಗುತ್ತಾರೆ. ತಾಯಿಯಿಲ್ಲದೆ ಮರಿಗೆ ಹಾಲು ಕೊಡುವವರಾರು? ಅಣ್ಣ ಜ್ವರವೆಂದು ಒಬ್ಬನೇ ಮನೆಗೆ ಬಂದಿದ್ದ. ಪಂಚನಾಮೆ ಆದ ಆ ನವೆಂಬರ್ ಕೊನೆಯಲ್ಲಿ ನಮ್ಮ ಮನೆಯಲ್ಲೂ ಹೊಲದಲ್ಲೂ ಒಂದು ಕುರಿಯ ಬಾಲವೂ ಇರಲಿಲ್ಲ. ಕುರಿ ಕಾಯುವವರ ಯಾವ ಮಗುವನ್ನು ಕೇಳಿದ್ದರೂ ಹೇಳುತ್ತಿತ್ತು. ಯಾರೂ ಕೇಳಲಿಲ್ಲ. ಅವ್ವನಿಗೆ ಓದು ಬರುವುದಿಲ್ಲ. ನಾನು ಆಗ ಹತ್ತನೇ ಇಯತ್ತೆ. ಫೈಲು ನನ್ನ ಕೈಗೆ ಬರುವ ಹೊತ್ತಿಗೆ ಶಿಕ್ಷೆಯಾಗಿ ಎಷ್ಟೋ ದಿನವಾಗಿತ್ತು. ಎಂಟು ವರ್ಷದ ಹಿಂದೆ ಮರಿ ಇರಲಿಲ್ಲವೆಂದು ಈಗ ಹೇಗೆ ತೋರಿಸುತ್ತೀ ಎಂದು ಮೇಡಂ ಕೇಳುತ್ತಾರೆ.

ನೀವು ಕೋರ್ಟಿಗೆ ಪ್ರಮಾಣಪತ್ರ ಬರೆದುಕೊಡಿ. ಕಾಲಿಗೆ ಬೀಳುತ್ತೇನೆ.

ರೇಣುಕಾ


ಬಸವನ ಬಾಗೇವಾಡಿ
29 ಏಪ್ರಿಲ್ 2024

ಶ್ರೀಮತಿ/ಕುಮಾರಿ ರೇಣುಕಾ ಅವರಿಗೆ,

ತಮ್ಮ ದಿನಾಂಕ 15-3-2024ರ ಪತ್ರ ತಲುಪಿತು. ಈ ಹಿಂದೆ ನಾನು ತಮಗೆ ಬರೆದ ಪತ್ರಗಳಲ್ಲಿರುವ ವಿಷಯವು ತಮ್ಮ ಕಾದಂಬರಿಯ ಸಲುವಾಗಿ ಸಂಪೂರ್ಣ ಕಾಲ್ಪನಿಕವಾಗಿ ಬರೆದದ್ದಿರುತ್ತದೆ. ಯಾವುದೇ ನೈಜ ಪ್ರಕರಣಕ್ಕೆ ಸಂಬಂಧವಿರುವುದಿಲ್ಲ. ಸದರಿ ಪತ್ರಗಳನ್ನು ಮರಳಿ ಕಳಿಸತಕ್ಕದ್ದು.

ಗುರುಲಿಂಗಪ್ಪ, ನಿವೃತ್ತ ಹೆಡ್ ಕಾನ್‌ಸ್ಟೇಬಲ್


ಲಚ್ಯಾಣ
6 ಮೇ 2024

ಕಾಕಾ,

ನೀವು ಏನೇ ಅಂದುಕೊಳ್ಳಿ, ನಾನು ಕಾಕಾ ಎಂದೇ ಕರೆಯುತ್ತೇನೆ. ಪತ್ರಗಳನ್ನು ಮರಳಿ ಕಳಿಸಲಾರೆ. ಮಗನ ನೌಕರಿಯ ಭಯ ನಿಮಗಿದೆ ಎಂದು ಗೊತ್ತು. ಅದು ತಪ್ಪೆಂದು ನಾನು ಹೇಗೆ ಹೇಳಲಿ? ನನ್ನ ಅವ್ವನಿಗೂ ಮಗನದೇ ಚಿಂತೆ.

ನಿನ್ನೆ ಅಣ್ಣನ ಭೇಟಿಗೆ ಹೋಗಿದ್ದೆ. ಜಾಲರಿಯ ಈಚೆ ನಿಂತು ನಿಮ್ಮ ಬಗ್ಗೆ ಹೇಳಿದೆ. ಸಿಟ್ಟಾಗುತ್ತಾನೆ ಅಂದುಕೊಂಡಿದ್ದೆ. ಅವನು ಕೇಳಿದ್ದು ಇಷ್ಟು, "ಆ ಮರಿ ಹೊಲದಾಗ ಇತ್ತೇನು, ರೇಣು? ಎಲ್ಲಾರೂ ಇತ್ತು ಅಂತಾರ. ಒಮ್ಮೊಮ್ಮಿ ನನಗೂ ಕಂಡಂಗ ಆಗ್ತೈತಿ." ಕಾಕಾ, ಎಂಟು ವರ್ಷ ಕೇಳಿ ಕೇಳಿ ಅವನಿಗೇ ಅನುಮಾನ ಬಂದಿದೆ. ನಾನು ಇಲ್ಲ ಇಲ್ಲ ಎಂದು ಕೂಗಿದೆ. ಭೇಟಿಯ ಹೊತ್ತು ಮುಗಿಯಿತೆಂದು ಕಳಿಸಿಬಿಟ್ಟರು.

ಜುಲೈ ಕೊನೆಗೆ ತಾರೀಖು ಇದೆ. ನನಗೆ ಬೇರೆ ಯಾರೂ ಇಲ್ಲ.

ರೇಣುಕಾ


ಸಿಂದಗಿ
10 ಜೂನ್ 2024

ಚಿ. ರೇಣುಕಾ,

ಸಿಂದಗಿ ಬಸ್ ನಿಲ್ದಾಣದಲ್ಲಿ ಕೂತು ಬರೆಯುತ್ತಿದ್ದೇನೆ. ನಿನ್ನ ಕೊನೆಯ ಪತ್ರ ಗುರವ್ವ ನನ್ನಿಂದ ಓದಿಸಿಕೊಂಡಳು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ನಾನು ಕಿವುಡ, ನನ್ನ ಜೊತೆ ಮಾತು ಬಿಟ್ಟರೆ ತಿಳಿಯುವುದೂ ತಡ. ಮೂರನೇ ದಿನ ತಾಟು ಎದುರಿಗಿಟ್ಟು ಸ್ಲೇಟಿನ ಮೇಲೆ ಬರೆದು ತೋರಿಸಿದಳು: ಆ ಜಾಲರಿ ಆಚಿ ಸಂಜೀವ ಇದ್ದರ?

ಇವತ್ತು ಆಲಮೇಲದ ಬಸ್ಸು ಹಿಡಿದು ನಿಮ್ಮ ಹೊಲಕ್ಕೆ ಹೋಗಿದ್ದೆ. ಅಲ್ಲಿ ಬೇವಿನ ಗಿಡವೇ ಇಲ್ಲ. ಕಡಿದಿದ್ದಾರೇನೋ ಎಂದು ಕೇಳಿದೆ. ಯಾವತ್ತೂ ಇರಲಿಲ್ಲವೆಂದು ಕೈಯಾಡಿಸಿ ತೋರಿಸಿದರು. ಎರಡು ಜಾಲಿ ಗಿಡ, ಕಲ್ಲಿನ ಬದು, ಅಷ್ಟೇ. ನಿಮ್ಮ ಅವ್ವ ಸಾತವ್ವ ನಾನಾರೆಂದು ತಿಳಿಯದೆ ನೀರು ಕೊಟ್ಟರು. ಹೇಳುವ ಧೈರ್ಯವಾಗಲಿಲ್ಲ, ಕುಡಿದು ಬಂದೆ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರೆ, ಬಂದ ಬುದ್ಧಿಯಿಂದ ಏನು ಮಾಡಬೇಕೆಂದು ಯಾರೂ ಹೇಳುವುದಿಲ್ಲ.

ಪಂಚರಲ್ಲಿ ಒಬ್ಬ ತೀರಿಕೊಂಡಿದ್ದಾನೆ. ಇನ್ನೊಬ್ಬ ಬಂದಗಿಸಾಬ ಕೈಮುಗಿದು, ತಾನು ಸಹಿ ಹಾಕಿದ್ದಷ್ಟೇ ಎಂದು ಅಂಗೈ ಮೇಲೆ ಬೆರಳಿನಿಂದ ಸಹಿ ಮಾಡಿ ತೋರಿಸಿದ, ಬಾಗಿಲು ಹಾಕಿಕೊಂಡ. ಸಾಹೇಬರು ಸತ್ತು ಮೂರು ವರ್ಷ. ಉಳಿದವನು ನಾನೊಬ್ಬ. ಇಲ್ಲಿಯ ನೋಟರಿಯ ಹತ್ತಿರ ಪ್ರಮಾಣಪತ್ರ ಮಾಡಿಸಿದ್ದೇನೆ, ಇದರ ಜೊತೆಗಿದೆ. ಕಂಡದ್ದಲ್ಲದ ಒಂದು ಅಕ್ಷರ ಅದರಲ್ಲಿಲ್ಲ. ಸಂಜೀವನಿಗೆ ಇನ್ನೂ ಹೇಳಿಲ್ಲ.

ಕೋರ್ಟಿಗೆ ಬಾ ಅಂದರೆ ಬರುತ್ತೇನೆ.

ಕಾಕಾ


ಲಚ್ಯಾಣ
2 ಆಗಸ್ಟ್ 2024

ಕಾಕಾ,

ಕೋರ್ಟಿನಿಂದ ಬಂದು ನಾಲ್ಕು ದಿನ ನಿಮಗೆ ಬರೆಯಲು ಕೈ ಬರಲಿಲ್ಲ. ಅಲ್ಲಿ ಏನು ನಡೆಯಿತೆಂದು ನಿಮಗೆ ಕೇಳಿಸಲಿಲ್ಲ. ಹೊರಗೆ ಬಂದಾಗ "ಏನಾತು, ಏನಾತು" ಎಂದು ಕೇಳಿದಿರಿ, ನಾನು ತಲೆ ಆಡಿಸಿ ಬಸ್ಸು ಹತ್ತಿಸಿದೆ. ಈಗ ಹೇಳುತ್ತೇನೆ.

ನಿಮ್ಮ ಫೆಬ್ರವರಿಯ ಪತ್ರವನ್ನು ಕೋರ್ಟಿಗೆ ಕೊಟ್ಟ ಮೇಲೆ ನಮ್ಮಿಬ್ಬರ ಎಲ್ಲ ಪತ್ರಗಳೂ ಬೇಕೆಂದು ಸರ್ಕಾರದ ವಕೀಲರು ಕೇಳಿದ್ದರು. ಅವರು ನನ್ನ ಮೊದಲ ಪತ್ರದಿಂದ ಓದಿದರು. ಒಂದು ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದೇನೆ. ಆಮೇಲೆ ವಿಕ್ರಾಂತನ ಪಿಸ್ತೂಲು ಓದಿದರು. ಎಲ್ಲರೂ ನಕ್ಕರು. ಅವರು ನಗುವುದನ್ನು ನೋಡಿ ನೀವೂ ಕೈಮುಗಿದು ನಕ್ಕಿರಿ. ಕಾಕಾ, ಆಗ ನನಗೆ ಸಾಯಬೇಕು ಅನ್ನಿಸಿತು. ನಂತರ "ಸುಳ್ಳು ಸತ್ಯದ ತಲೆಯ ಮೇಲೆ ಹೊಡೆದಂತಿರಬೇಕು" ಎಂದು ನಿಮ್ಮದನ್ನು ಓದಿದರು. ಕೊನೆಗೆ ಏಪ್ರಿಲಿನ ಪತ್ರ, ಸಂಪೂರ್ಣ ಕಾಲ್ಪನಿಕ. ಇಬ್ಬರೂ ಸೇರಿ ಕಥೆ ಕಟ್ಟುವುದರಲ್ಲಿ ನಿಪುಣರು, ಈ ಪ್ರಮಾಣಪತ್ರವೂ ಆ ಕಾದಂಬರಿಯ ಒಂದು ಅಧ್ಯಾಯ ಎಂದರು. ನಿಮ್ಮ ಸಾಕ್ಷಿ ತೆಗೆದುಕೊಳ್ಳಿ ಎಂದು ಹಾಕಿದ್ದ ಅರ್ಜಿ ವಜಾ ಆಯಿತು. ಮೂಲ ಅಪೀಲು ಯಾವ ವರ್ಷ ಬರುತ್ತದೋ ಗೊತ್ತಿಲ್ಲ.

ಜನವರಿ 7ಕ್ಕೆ ನಿಮಗೆ ಖರೇ ಮಾತೆಲ್ಲ ಬರೆದ ಒಂದು ಪತ್ರವಿತ್ತು, ಅಂಚೆಗೆ ಹಾಕಿರಲಿಲ್ಲ. ಅದನ್ನು ಮೇಡಂಗೆ ತೋರಿಸಿದೆ. "ಇದರ ಮ್ಯಾಲ ಅಂಚಿ ಠಸಿ ಇಲ್ಲಲ್ಲ ರೇಣುಕಾ, ನಿನ್ನೆ ಕುಂತು ಬರದಾಳ ಅಂತಾರ" ಎಂದರು.

ನನ್ನಿಂದಲೇ ಕೆಟ್ಟಿತು. ಮೊದಲ ದಿನವೇ ನಿಮ್ಮ ಮನೆ ಬಾಗಿಲಿಗೆ ಬಂದು ಕೂತಿದ್ದರೆ ಏನಾಗುತ್ತಿತ್ತೋ. ಅಣ್ಣನಿಗೆ ಇನ್ನೂ ಹೇಳಿಲ್ಲ. ಹೇಗೆ ಹೇಳಲಿ ಎಂದು ತಿಳಿಯುತ್ತಿಲ್ಲ.

ರೇಣುಕಾ


ಬಸವನ ಬಾಗೇವಾಡಿ
19 ಆಗಸ್ಟ್ 2024

ಚಿ. ರೇಣುಕಾ,

ನಿನ್ನಿಂದ ಕೆಟ್ಟಿಲ್ಲ ಮಗಳೇ. ಕೆಟ್ಟದ್ದು ನನ್ನ ಕೈಯಿಂದ, ನೀನು ಸಾಲಿಯಲ್ಲಿದ್ದಾಗಲೇ. ಸಂಜೀವನಿಗೆ ಹೇಳಿದೆ. ಫೋನು ಇಟ್ಟುಬಿಟ್ಟನಂತೆ. ಗುರವ್ವ ಅಷ್ಟೇ ಬರೆದು ತೋರಿಸಿದಳು.

ಒಂದು ಹಾದಿ ಹೊಳೆಯಿತು. ಸುಳ್ಳು ಪಂಚನಾಮೆ ಬರೆದದ್ದಕ್ಕೆ ನನ್ನ ಮೇಲೆಯೇ ಒಂದು ಕೇಸು ಆಗಬೇಕು. ಆಗ ಯಾರೂ ಅದನ್ನು ಕಥೆ ಅನ್ನುವ ಹಾಗಿಲ್ಲ, ವಿಚಾರಣೆ ಮಾಡಲೇಬೇಕು. ನಾನು ಎಲ್ಲಾ ಒಪ್ಪಿಕೊಳ್ಳುತ್ತೇನೆ. ನನಗೆ ಅರವತ್ತೆಂಟು, ಎಷ್ಟು ಬೇಗ ಹಿಡಿದರೆ ಅಷ್ಟು ಒಳ್ಳೆಯದು. ಹಾಗೆಂದು ಮೊನ್ನೆ ನಾನಿದ್ದ ಠಾಣೆಗೇ ಹೋದೆ. ಯಾರಿಗೂ ನನ್ನ ಗುರುತಿಲ್ಲ. ಜನ ಕೂರುವ ಬಾಕಿನ ಮೇಲೆ ಕೂರಿಸಿದರು. ಸಂಜೆಯ ತನಕ ಕೂತೆ. ಒಬ್ಬ ಪೇದೆ ಬಂದು ಚೀಟಿಯಲ್ಲಿ ಬರೆದು ಕೊಟ್ಟ, ಸಾಹೇಬರು ಬಂದೋಬಸ್ತಿಗೆ ಹೋಗಿದ್ದಾರೆ, ನಾಳೆ ಬರ್ರಿ.

ನಿನ್ನೆ ಹೋದೆ. ಸಾಹೇಬರಿದ್ದರು. ನನ್ನ ಅರ್ಜಿ ಓದಿ, ತಲೆ ಕೆಟ್ಟಿದೆಯೋ ಎಂದು ನೋಡುವಂತೆ ನನ್ನ ಮುಖ ನೋಡಿದರು. ಚಹಾ ತರಿಸಿದರು. ಹಳೇ ಕೇಸು, ಮೇಲಿನವರನ್ನು ಕೇಳಬೇಕು ಎಂದು ಅರ್ಜಿಯ ಹಿಂದೆಯೇ ಬರೆದು ತೋರಿಸಿದರು.

ಇವತ್ತೂ ಹೋಗಿದ್ದೆ. ರೈಟರ್ ರಜೆಯ ಮೇಲಿದ್ದಾನಂತೆ, ಬರೆದುಕೊಳ್ಳುವವರಿಲ್ಲ. ನಾನೇ ಬರೆದುಕೊಡ್ತೇನಿ, ಇಪ್ಪತ್ತೆರಡು ವರ್ಷ ಇದೇ ಖುರ್ಚಿ ಮ್ಯಾಲ ಕುಂತು ಬರದಾಂವ ನಾನು ಎಂದೆ. ಜೋರಾಗಿ ಹೇಳಿದೆನೋ ಏನೋ, ಎಲ್ಲರೂ ತಿರುಗಿ ನೋಡಿದರು. ಆ ಪೇದೆ ಮತ್ತೆ ಚೀಟಿ ತಂದ. ನಿಮ್ಮ ಮ್ಯಾಲಿನ ಕೇಸು ನೀವ ಬರಿಯಾಕ ಬರಂಗಿಲ್ರಿ ಅಜ್ಜಾರ, ಮನಿಗೆ ಹೋಗ್ರಿ.

ನಾಳೆ ಬೆಳಗಿನ ಮೊದಲ ಬಸ್ಸಿಗೆ ಮತ್ತೆ ಹೋಗುತ್ತೇನೆ. ಮಾಳಿಂಗನಿಗೆ ಈಗಲೇ ಏನೂ ಹೇಳಬೇಡ.

ಕಾಕಾ